ಅಳಿಸಿದ ಕಡತದ ಒಡೆಯ

ಹಳೆಯ ಪದಾರ್ಥವನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಏನನ್ನು? ಹಳೆಯ ಮನೆಯನ್ನು ಕೊಂಡವನಿಗೆ ಗೋಡೆಯ ಮೊಳೆಗಳೂ ಸೇರಿ ಬರುತ್ತವೆ. ಹಳೆಯ ಪುಸ್ತಕವನ್ನು ಕೊಂಡವನಿಗೆ, ಯಾರೋ ಯಾರಿಗೋ ಪ್ರೀತಿಯಿಂದ ಮೊದಲ ಪುಟದಲ್ಲಿ ಬರೆದುಕೊಟ್ಟ ಎರಡು ಸಾಲುಗಳೂ ಬರುತ್ತವೆ. ಅವುಗಳಿಗಾಗಿ ಅವನು ಹಣ ಕೊಟ್ಟಿಲ್ಲ. ಬೇಡವೆಂದರೂ ಅವು ಬಿಡುವುದಿಲ್ಲ. ಇಷ್ಟರಲ್ಲಿ ನೀತಿಯ ತೊಡಕೇನೂ ಇದ್ದಂತೆ ಕಾಣದು. ಆದರೆ ಕೊಂಡದ್ದು ಕಂಪ್ಯೂಟರಾದರೆ ಮಾತು ಬೇರೆಯಾಗುತ್ತದೆ.

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಅಂಥದೊಂದನ್ನು ತಂದೆ. ಕನ್ನಡ ಪಾಠ ಹೇಳುವವನ ಅಗತ್ಯಕ್ಕೆ ಅದು ಧಾರಾಳವಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಯಂತ್ರಗಳ ರಿಪೇರಿಯಿಂದಲೇ ಸಂಸಾರ ಸಾಗಿಸುತ್ತಾನೆ. ಅವನು ಒಂದು ಸಂಜೆ ಬಂದು, ಒಳಗಿದ್ದುದನ್ನು ತೆಗೆದುಹಾಕಿ, ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟ. "ಈಗ ಇದು ಹುಟ್ಟಿದ ಮಗು ಸಾರ್" ಎಂದ. ಹುಟ್ಟಿದ ಮಗುವಿಗೂ ಜಾತಕವಿರುತ್ತದೆಯಷ್ಟೆ!

ಮಗು ಪ್ರತಿ ಬೆಳಗ್ಗೆ ಹಲವು ವರ್ಷ ಹಿಂದಿನ ಜನವರಿ 1ನೆಯ ತಾರೀಖಿಗೆ ಎದ್ದು ಕೂರುತ್ತಿತ್ತು. ತಾರೀಖು ತಪ್ಪಿದರೆ ಬ್ಯಾಂಕಿನ ತಾಣ ತೆರೆಯುವುದಿಲ್ಲ. ಅದರ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎಂದು ಉಂಟು, ಯಂತ್ರ ತನ್ನ ಗಡಿಯಾರವನ್ನು ನೋಡಿಯೇ ಅದನ್ನು ನಂಬುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದ ಮೇಲೂ ಉಳಿಯುವ ದೋಷ ಬಹುಮಟ್ಟಿಗೆ ದೇಹದ್ದು, ಬುದ್ಧಿಯದಲ್ಲ, ಎಂಬುದು ನನ್ನ ಶಿಷ್ಯನ ಸೂತ್ರ. ಹಾಗೆಯೇ ಆಯಿತು. ಒಳಗಿನ ಫಲಕದ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯೊಂದು ಸತ್ತಿತ್ತು. ಹೊಸದು ಹಾಕಿದೊಡನೆ ಕಾಲ ಸರಿಯಾಗಿ ನಡೆಯಿತು. ಎರಡನೆಯ ರೋಗ ಕಠಿಣವಾದದ್ದು. ಬರೆಯುತ್ತಿರುವಾಗಲೇ ಯಂತ್ರ ಕಲ್ಲಿನಂತೆ ನಿಂತುಬಿಡುತ್ತಿತ್ತು, ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಡಿಸ್ಕು ಸಾಯುತ್ತಿದೆ ಎಂದು ಶಿಷ್ಯ ನಿರ್ಣಯಿಸಿದ. ನನ್ನ ಎರಡು ವಾರದ ಟಿಪ್ಪಣಿಗಳನ್ನು ಉಳಿಸಲೆಂದು ಕಳೆದುಹೋದದ್ದನ್ನು ಹುಡುಕುವ ಒಂದು ತಂತ್ರಾಂಶವನ್ನು ಓಡಿಸಿದ.

ನನ್ನ ಟಿಪ್ಪಣಿಗಳು ಬಂದವು. ಅವುಗಳ ಬೆನ್ನಿಗೆ ಇನ್ನಾರದೋ ಹೆಸರುಗಳ ಸಾಲೂ ಬಂತು. ಮದುವೆಯ ಫೋಟೋಗಳು, ನಾಲ್ಕನೆಯ ಸಲ ತಿದ್ದಿದ ಕೆಲಸದ ಅರ್ಜಿ, 'ಅಪ್ಪ ಆಸ್ಪತ್ರೆ' ಎಂಬ ಒಂದು ಕಟ್ಟು. "ತೆಗೆದು ನೋಡೋಣವೇ ಸಾರ್? ಎಲ್ಲಾ ಹಾಗೇ ಇದೆ" ಎಂದು ಅವನು ಕೇಳಿದ.

ಇದು ಹೇಗೆ ಸಾಧ್ಯವೆಂದರೆ, ಹಳೆಯ ಬಗೆಯ ಡಿಸ್ಕಿನಲ್ಲಿ ಅಳಿಸುವುದೆಂದರೆ ಊರಿನ ವಿಳಾಸದ ಪಟ್ಟಿಯನ್ನು ಹರಿದುಹಾಕಿದಂತೆ. ಮನೆಗಳು ನಿಂತೇ ಇರುತ್ತವೆ. ಆ ನಿವೇಶನದಲ್ಲಿ ಹೊಸ ಮನೆ ಎದ್ದಾಗ ಮಾತ್ರ ಹಳೆಯದು ಹೋಗುತ್ತದೆ. ಸಿಮ್ಸನ್ ಗಾರ್ಫಿಂಕೆಲ್, ಅಭಿ ಶೆಲಾಟ್ ಎಂಬಿಬ್ಬರು ಅಮೆರಿಕದಲ್ಲಿ ಮಾರಿಹೋದ 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಬರೆದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ.

ಓದಬಾರದು ಎಂದು ನನಗೆ ಆ ಕ್ಷಣದಲ್ಲೇ ಅನಿಸಿತು. ಆದರೆ ಅನಿಸಿಕೆ ವಾದವಲ್ಲ, ಅದರಲ್ಲೂ ನನ್ನ ಕಸುಬಿನವನಿಗೆ. ಅಳಿಸಿದ್ದನ್ನು ಓದುವುದೇ ಅಲ್ಲವೆ ನಮ್ಮ ಹೆಮ್ಮೆ? ಸವೆದ ಶಾಸನದ ಒಂದು ಅಕ್ಷರ ಕಂಡರೆ ನಮಗೆ ಹಬ್ಬ. ಶಾಸನದ ಮಾತನ್ನು ಬಿಡೋಣ. ಅದನ್ನು ಕೆತ್ತಿಸಿದವನಿಗೆ ಊರೆಲ್ಲ ಓದಲೆಂಬುದೇ ಆಸೆ. ಕಡತದ ಮಾತೇನು? ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ನಮ್ಮ ಹಿರಿಯರು ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕ್ಕೆ ಆಧಾರ. ಇಂದಿನ ಕಚೇರಿಯ ಫೈಲಿಗೂ ನಾವು ಕಡತವೆಂದೇ ಹೇಳುತ್ತೇವೆ. ಹಾಗಾದರೆ ಅದನ್ನು ಓದಬಹುದು, ಇದನ್ನು ಓದಬಾರದು ಎಂಬುದಕ್ಕೆ ಆಧಾರವೇನು?

ಕಾಲದ ಅಂತರವೆಂದು ಒಬ್ಬ ಸಹೋದ್ಯೋಗಿ ಹೇಳಿದರು. ಅಷ್ಟು ಸಾಲದೆಂದು ನನ್ನ ಭಾವನೆ. ಮುನ್ನೂರು ವರ್ಷದ ಹಿಂದಿನ ಸಾಲಗಾರ ನನ್ನ ಓದಿನಿಂದ ನಾಚಬೇಕಾಗಿಲ್ಲ. ಈ ಅಪ್ಪನ ಮಗನೋ ಮಗಳೋ ನಾಳೆ ನನ್ನ ಎದುರಿಗೇ ಬಸ್ಸಿನಲ್ಲಿ ಕೂತಿರಬಹುದು. ನೋಯಬಲ್ಲವರು ಇನ್ನೂ ಇದ್ದಾರೆ; ಅವರು ಅಳಿಸಿದ್ದೇವೆಂದು ನಂಬಿ ನಿಶ್ಚಿಂತರಾಗಿದ್ದಾರೆ. ಅವರ ಅಜ್ಞಾನ ನನಗೆ ಅಪ್ಪಣೆಯಾಗಲಾರದು.

ಓದಬಾರದೆಂಬುದು ಇಷ್ಟಕ್ಕೆ ತೀರ್ಮಾನವಾಯಿತು. ಮುಂದೇನು ಎಂಬುದು ತೀರ್ಮಾನವಾಗಲಿಲ್ಲ. 1872ರ ಭಾರತೀಯ ಕರಾರು ಕಾಯಿದೆಯ 71ನೆಯ ಕಲಮಿನಂತೆ, ಪರರ ವಸ್ತು ಸಿಕ್ಕಿ ಅದನ್ನು ವಶದಲ್ಲಿಟ್ಟುಕೊಂಡವನಿಗೆ, ನಂಬಿ ಒಪ್ಪಿಸಿದ್ದನ್ನು ಇಟ್ಟುಕೊಂಡವನಷ್ಟೇ ಹೊಣೆ. ಕಾಯಿದೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಕೊಡೆ, ಉಂಗುರ. ಆದರೂ ಅದರ ನ್ಯಾಯ ನನಗೆ ಒಪ್ಪಿಗೆಯಾಯಿತು. ಆದರೆ ಉಂಗುರವನ್ನು ತೆರೆದು ಓದದೆ ಹಿಂದಿರುಗಿಸಬಹುದು. ಇಲ್ಲಿ ಒಡೆಯನನ್ನು ಹುಡುಕಲು ಅವನ ಅರ್ಜಿಯನ್ನೇ ತೆರೆಯಬೇಕು. ಅಂಗಡಿಯವರನ್ನು ಕೇಳಿದೆ. "ಲಾಟಿನಲ್ಲಿ ಬರುತ್ತೆ ಸ್ವಾಮಿ, ಯಾರದೆಂದು ಹೇಗೆ ಹೇಳೋದು?" ಎಂದರು.

ನಾಶ ಮಾಡಿಬಿಡಿ, ಮಾರಿದವನ ಇಚ್ಛೆಯೂ ಅದೇ ತಾನೆ, ಎಂದು ಶಿಷ್ಯನ ಮತ. ಮಾರಿದವನೂ ಒಡೆಯನೂ ಒಬ್ಬನೇ ಆಗಿದ್ದರೆ ಸರಿ. ಕಳುವಾದ ಯಂತ್ರವಾಗಿದ್ದರೆ? ಅಪ್ಪನ ಕೊನೆಯ ಚಿತ್ರ ಇದೊಂದರಲ್ಲೇ ಇದ್ದರೆ? ಅಳಿಸುವ ಆಜ್ಞೆ ಕೊಟ್ಟ ಕೈ ಯಾವುದೆಂದು ಡಿಸ್ಕು ಹೇಳದು.

ಕೊನೆಗೆ ಡಿಸ್ಕನ್ನು ಹೊರತೆಗೆಸಿ ಹೊಸದು ಹಾಕಿಸಿದೆ. ಹಳೆಯದನ್ನು ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಯಾರಾದರೂ ಕೇಳಿಕೊಂಡು ಬಂದರೆ ತಿಳಿಸಿರೆಂದು ಅಂಗಡಿಯವರಿಗೆ ನನ್ನ ನಂಬರು ಕೊಟ್ಟೆ. ಮೂರು ತಿಂಗಳ ಗಡುವು ನಾನೇ ಹಾಕಿಕೊಂಡದ್ದು, ಶಾಸ್ತ್ರದಲ್ಲಿ ಇಲ್ಲ. ಆಮೇಲೆ ತಟ್ಟೆಗಳಿಗೆ ತೂತು ಕೊರೆಯಲು ಶಿಷ್ಯ ಡ್ರಿಲ್ಲು ತರುತ್ತಾನೆ. ಈಗ ಹನ್ನೊಂದು ದಿನ ಉಳಿದಿದೆ. ಆ ಅಂಗಡಿಯಿಂದ ನಿನ್ನೆ ಒಂದು ಕರೆ ಬಂದಿತ್ತು. ಹಳೆಯ ಪ್ರಿಂಟರು ಬೇಕೇ ಎಂದು ಕೇಳಿದರು.