ತೆಗೆಯದ ತೈಲದ ಬೆಲೆ

2007ರಲ್ಲಿ ಈಕ್ವೆಡಾರ್ ದೇಶದ ಅಧ್ಯಕ್ಷ ರಫೇಲ್ ಕೊರಿಯಾ ವಿಶ್ವಸಂಸ್ಥೆಯ ಮುಂದೆ ಅಪರೂಪದ ಒಂದು ವ್ಯವಹಾರವನ್ನು ಇಟ್ಟರು. ಅಮೆಜಾನ್ ಕಾಡಿನ ಯಾಸುನಿ ರಾಷ್ಟ್ರೀಯ ಉದ್ಯಾನದ ಪೂರ್ವದ ಅಂಚಿನಲ್ಲಿ ಸುಮಾರು 84.6 ಕೋಟಿ ಬ್ಯಾರೆಲ್ ಕಚ್ಚಾತೈಲವಿದೆ. ಅದನ್ನು ನಾವು ಮುಟ್ಟುವುದಿಲ್ಲ, ಮುಟ್ಟಿದ್ದರೆ ಬರಬಹುದಾಗಿದ್ದ ಹಣದಲ್ಲಿ ಅರ್ಧವನ್ನು ಜಗತ್ತು ನಮಗೆ ತುಂಬಿಕೊಡಲಿ ಎಂಬುದು ಬೇಡಿಕೆ. 13 ವರ್ಷಗಳಲ್ಲಿ 360 ಕೋಟಿ ಡಾಲರ್ ಎಂದು ಲೆಕ್ಕವಾಯಿತು. 2010ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಉಸ್ತುವಾರಿಯಲ್ಲಿ ನಿಧಿಯೂ ಹುಟ್ಟಿತು. 2013ರ ಆಗಸ್ಟ್‌ವರೆಗೆ ಅದಕ್ಕೆ ನಿಜವಾಗಿ ಬಂದು ಬಿದ್ದದ್ದು 1.3 ಕೋಟಿ ಡಾಲರಿನ ಆಸುಪಾಸು. ಜಗತ್ತು ಕೈಕೊಟ್ಟಿತೆಂದು ದೂರಿ ಕೊರಿಯಾ ಯೋಜನೆಯನ್ನು ಕೈಬಿಟ್ಟರು. 2016ರಲ್ಲಿ ಅಲ್ಲಿಂದ ತೈಲ ಹೊರಬರತೊಡಗಿತು.

ಈ ಕಥೆಯನ್ನು ಸಿರಿವಂತ ದೇಶಗಳ ಜಿಪುಣತನದ ಕಥೆಯಾಗಿ ಹೇಳುವುದು ರೂಢಿ. ಜಿಪುಣತನ ಇತ್ತು, ಅನುಮಾನವಿಲ್ಲ. ಆದರೆ ಕೊಡದವರೂ ಒಂದು ವಾದ ಹೂಡಿದ್ದರು, ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮೊದಲು ಒಲವು ತೋರಿದ್ದ ಜರ್ಮನಿ ಹಿಂದೆ ಸರಿದಾಗ ಅಲ್ಲಿನ ಸಚಿವರು ತೋಡಿಕೊಂಡ ಆತಂಕ ಇದು: ತೈಲ ತೆಗೆಯದಿದ್ದುದಕ್ಕೆ ಒಬ್ಬರಿಗೆ ಹಣ ಕೊಟ್ಟರೆ ನಾಳೆ ಎಲ್ಲ ತೈಲದೊರೆಗಳೂ ಸಾಲುಗಟ್ಟುತ್ತಾರೆ. ಸೌದಿ ಅರೇಬಿಯಾ ಹವಾಮಾನ ಮಾತುಕತೆಗಳಲ್ಲಿ ತನ್ನ ತೈಲ ಆದಾಯ ಕುಗ್ಗುವುದಕ್ಕೆ ಪರಿಹಾರ ಬೇಕೆಂದು ಬಹುಕಾಲದಿಂದ ಕೇಳುತ್ತಲೇ ಬಂದಿದೆ. ಹಾಗಿದ್ದರೆ ಈಕ್ವೆಡಾರ್ ಕೇಳಿದ್ದು ನ್ಯಾಯ, ಸೌದಿ ಕೇಳುವುದು ಅತಿಯಾಸೆ ಎಂದು ಯಾವ ಆಧಾರದ ಮೇಲೆ ಹೇಳುವುದು? ಒಂದು ಬಡದೇಶ, ಇನ್ನೊಂದು ಶ್ರೀಮಂತ ದೇಶ ಎಂಬುದಷ್ಟೇ ಉತ್ತರವಾದರೆ ಅದು ಕರುಣೆಯ ಮಾತಾಯಿತು, ಹಕ್ಕಿನ ಮಾತಾಗಲಿಲ್ಲ.

ಗದ್ದೆಯಂಚಿನ ಹಳೆಯ ಮಾವಿನ ಮರವನ್ನು ಕಡಿಯದೆ ಬಿಡುತ್ತೇನೆ, ಊರಿಗೆಲ್ಲ ನೆರಳು, ನನಗಾಗುವ ನಷ್ಟದಲ್ಲಿ ಸ್ವಲ್ಪ ಹಂಚಿಕೊಳ್ಳಿ ಎನ್ನುವವನ ಮಾತಿಗೆ ಊರು ಕಿವಿಗೊಡಬೇಕು. ಊರ ಕೆರೆಗೆ ವಿಷ ಹಾಕದಿರಲು ಹಣ ಕೊಡಿ ಎನ್ನುವವನ ಮಾತಿಗೆ ಪೊಲೀಸರನ್ನು ಕರೆಯಬೇಕು. ಎರಡರಲ್ಲೂ ಕೇಳುವುದು 'ಮಾಡದಿರುವುದಕ್ಕೆ' ಹಣವನ್ನೇ. ಮಾಡುವ ಹಕ್ಕು ಅವನಿಗೆ ಇತ್ತೇ ಎಂಬುದೊಂದೇ ವ್ಯತ್ಯಾಸ.

ಯಾಸುನಿಯ ಕಾಡನ್ನು ಅಗೆಯುವ ಹಕ್ಕು ಈಕ್ವೆಡಾರ್ ಸರ್ಕಾರಕ್ಕೆ ಇತ್ತೇ? ಅಲ್ಲಿನ ಒಂದೇ ಹೆಕ್ಟೇರಿನಲ್ಲಿ 600ಕ್ಕೂ ಹೆಚ್ಚು ಜಾತಿಯ ಮರಗಳಿವೆ. ಹೊರಜಗತ್ತಿನ ಸಂಪರ್ಕವೇ ಬೇಡವೆಂದು ಒಳಗೆ ಸರಿದಿರುವ ತಾಗಾಯೆರಿ, ತಾರೊಮೆನಾನೆ ಬುಡಕಟ್ಟುಗಳ ನೆಲೆ ಅದು. ಸ್ವಾರಸ್ಯವೆಂದರೆ, ಕೊರಿಯಾ ಕಾಲದಲ್ಲೇ ಬಂದ 2008ರ ಸಂವಿಧಾನ ಪ್ರಕೃತಿಗೂ ಹಕ್ಕುಗಳಿವೆ ಎಂದು ಬರೆದುಕೊಂಡಿತು. ಅಂಥ ಜನರ ನೆಲೆಗಳಲ್ಲಿ ಗಣಿಗಾರಿಕೆಯನ್ನೂ ತೈಲ ತೆಗೆಯುವುದನ್ನೂ ನಿಷೇಧಿಸಿತು. ರಕ್ಷಿತ ಪ್ರದೇಶಗಳಲ್ಲೂ ಬೇಡವೆಂದಿತು, ಅಧ್ಯಕ್ಷರು ಕೇಳಿ ಸಂಸತ್ತು ರಾಷ್ಟ್ರಹಿತವೆಂದು ಘೋಷಿಸಿದರೆ ಆಗಬಹುದು ಎಂಬ ಒಂದು ಹಿಂಬಾಗಿಲನ್ನು ಮಾತ್ರ ಉಳಿಸಿಕೊಂಡಿತು. 2013ರಲ್ಲಿ ಸರ್ಕಾರ ನುಸುಳಿದ್ದು ಅದೇ ಬಾಗಿಲಿನಿಂದ. ತನಗೇ ಇಲ್ಲದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಬೆಲೆ ಕಟ್ಟುವುದು ಹೇಗೆ? ಹಣ ಬಾರದಿದ್ದರೆ ಅಗೆಯುವುದೇ ಎಂಬ ಇನ್ನೊಂದು ಯೋಜನೆ ಬದಿಯಲ್ಲಿ ಸಿದ್ಧವಿದ್ದಾಗ ಆ ಬೇಡಿಕೆಗೆ ಒತ್ತೆಯಾಳಿನ ವಾಸನೆ ಬಡಿಯಿತು.

ಹಾಗೆಂದ ಮಾತ್ರಕ್ಕೆ ಜಗತ್ತಿನ ಮೇಲೆ ಯಾವ ಬಾಕಿಯೂ ಇಲ್ಲವೆಂದಲ್ಲ. ಬಾಕಿ ಇದೆ, ಅದರ ಮೂಲ ಬೇರೆ. ಇನ್ನೂರು ವರ್ಷ ಕಲ್ಲಿದ್ದಲು, ತೈಲ ಸುಟ್ಟು ಬೆಳೆದ ದೇಶಗಳು ಆಕಾಶದಲ್ಲಿ ತಮ್ಮ ಪಾಲಿಗಿಂತ ಬಹಳ ಹೆಚ್ಚನ್ನು ಬಳಸಿಕೊಂಡಿವೆ. ಈಕ್ವೆಡಾರ್ ಅಗೆಯಲಿ, ಬಿಡಲಿ, ಆ ಸಾಲ ತೀರುವುದಿಲ್ಲ. ಸೌದಿಯ ಬೇಡಿಕೆ ಬೀಳುವುದೂ ಇಲ್ಲೇ: ಮುಂದೆ ಮಾರಲಾಗದ ಸರಕಿನ ಲಾಭವನ್ನು ಅದು ಕೇಳುತ್ತದೆ, ಹಿಂದೆ ತನಗಾದ ಅನ್ಯಾಯದ ಪರಿಹಾರವನ್ನಲ್ಲ. ಕೊರಿಯಾ ಈ ಎರಡನ್ನೂ ಒಂದೇ ರಸೀದಿಯಲ್ಲಿ ಬರೆದರು. ಒಂದು ವಾದ ಇನ್ನೊಂದನ್ನು ಕೆಡಿಸಿತು.

ಹವಾಮಾನದ ಲೆಕ್ಕದಲ್ಲಿ ನೋಡಿದರೆ ಯಾಸುನಿಯ ತೈಲ ಅಷ್ಟೇನೂ ದೊಡ್ಡದಲ್ಲ. ಜಗತ್ತಿಗೆ ಅದು ಹತ್ತು ದಿನಕ್ಕೂ ಸಾಲದು. ಇಲ್ಲಿ ಬಿಟ್ಟ ಬ್ಯಾರೆಲ್ಲನ್ನು ಮಾರುಕಟ್ಟೆ ಇನ್ನೆಲ್ಲಿಂದಲೋ ತರಿಸಿಕೊಳ್ಳುತ್ತದೆ. ಆದರೆ ಕಾಡಿಗೆ ಅಂಥ ಬದಲಿ ಇಲ್ಲ. ಆದ್ದರಿಂದ ಇಂಗಾಲದ ವಾದಕ್ಕಿಂತ ಕಾಡಿನ ವಾದವೇ ಗಟ್ಟಿ ಎಂದು ನನಗನ್ನಿಸುತ್ತದೆ. ನಿಧಿಗೆ ಹಣ ಎತ್ತುವಾಗ ಮಾತ್ರ ಇಂಗಾಲವೇ ಮುಂದೆ ನಿಂತಿತು, ಟನ್ನಿಗೆ ಇಷ್ಟೆಂದು ದರ ಹಚ್ಚಲು ಅದು ಸುಲಭವಲ್ಲವೇ!

2023ರ ಆಗಸ್ಟ್ 20ರಂದು ಈಕ್ವೆಡಾರ್‌ನ ಜನ ಜನಮತಗಣನೆಯಲ್ಲಿ ಮತ ಹಾಕಿದರು. ಹಣದ ಷರತ್ತು ಯಾವುದೂ ಇರಲಿಲ್ಲ. ಈ ತೈಲ ಅನಿರ್ದಿಷ್ಟ ಕಾಲ ನೆಲದೊಳಗೇ ಇರಲಿ ಎಂದು ಸುಮಾರು ಶೇ 59ರಷ್ಟು ಮಂದಿ ಹೇಳಿದರು. ಸರ್ಕಾರ ಎಳೆದಾಡುತ್ತಲೇ ಇದೆ. ಇನ್ನೂರಕ್ಕೂ ಹೆಚ್ಚು ಬಾವಿಗಳಲ್ಲಿ ಮೊದಲನೆಯದು ಮುಚ್ಚಿದ್ದು 2024ರಲ್ಲಿ, ಎಲ್ಲವನ್ನೂ ಮುಚ್ಚಲು 2029ರ ಕೊನೆಯವರೆಗೆ ಕಾಲ ಬೇಕಂತೆ. ಆದರೂ ಕೊರಿಯಾಗೆ ಆಗದ್ದನ್ನು ಆ ಮತ ಮಾಡಿತು. ಬೆದರಿಕೆ ತೊಲಗಿತು. ಈಗ ಆ ದೇಶ ಹಣ ಕೇಳಿದರೆ ಅದು ಹಳೆಯ ಸಾಲದ ವಸೂಲಿ ಮಾತ್ರ.

ಒಂದು ಮುಜುಗರದ ಸಂಗತಿ ಉಳಿದಿದೆ. ಯಾಸುನಿ ಇರುವ ಒರೆಯಾನಾ ಪ್ರಾಂತ್ಯದಲ್ಲೇ ಬಹುಮತ ತೈಲದ ಪರವಾಗಿತ್ತು. ಅಲ್ಲಿನವರಿಗೆ ಕೆಲಸ, ರಸ್ತೆ, ಆಸ್ಪತ್ರೆ ಎಲ್ಲವೂ ತೈಲದ ಹಣದ ಜೊತೆ ತಳುಕು ಹಾಕಿಕೊಂಡಿವೆ. ಕಾಡು ಉಳಿಯಲಿ ಎಂದು ರಾಜಧಾನಿ ಕೀಟೊದಲ್ಲಿ ಮತ ಹಾಕುವವರ ಜೇಬಿಗೆ ಅದರಿಂದ ಅಷ್ಟು ನೇರವಾದ ಪೆಟ್ಟಿಲ್ಲ. ನಮಗೂ ಇದು ಹೊಸತಲ್ಲ: ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ, ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೆ ಅದು ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರುತ್ತದೆ, ಆ ಗಣಿಗಳ ಪಕ್ಕದ ಊರುಗಳ ಹೆಸರೂ ನಮಗೆ ಗೊತ್ತಿರುವುದಿಲ್ಲ. ಉತ್ತರದ ದೇಶಗಳು ಈಕ್ವೆಡಾರ್‌ಗೆ ಬಾಕಿ ಉಳಿಸಿಕೊಂಡಿವೆ ಎಂದು ವಾದಿಸುವ ಅದೇ ತರ್ಕ ಕೀಟೊ ಒರೆಯಾನಾಕ್ಕೆ ಬಾಕಿ ಉಳಿಸಿಕೊಂಡಿದೆ ಎಂದೂ ಹೇಳುತ್ತದೆ. ಆ ಬಾಕಿಯನ್ನು ಕೊಡಲು ಕೀಟೊ ಯಾವ ಸಿರಿವಂತ ದೇಶದ ಒಪ್ಪಿಗೆಗೂ ಕಾಯಬೇಕಿಲ್ಲ.