ರಕ್ತದ ಮುನ್ಸೂಚನೆಯೂ ಮನುಷ್ಯನ ಹೊಣೆಯೂ

ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ, ಕಬ್ಬಾಳದುರ್ಗದ ಬುಡದಲ್ಲಿರುವ ಕಬ್ಬಾಳು ಗ್ರಾಮಕ್ಕೆ ಬಂದು ಕಬ್ಬಾಳಮ್ಮನ ಸನ್ನಿಧಿಯಲ್ಲಿ ನಿಲ್ಲುವವರಲ್ಲಿ ಬಹುಮಂದಿ ಯಾವುದಾದರೊಂದು ನಿರ್ಧಾರದ ಹೊಸ್ತಿಲಿನಲ್ಲಿರುವವರು. ಮಗಳ ಮದುವೆ, ಮನೆಯ ಪಾಯ, ತೋಟದ ಬಾವಿ, ಹಿರಿಯರೊಬ್ಬರ ದೇಹದ ಮೇಲೆ ನಡೆಯಬೇಕಾದ ಶಸ್ತ್ರಕ್ರಿಯೆ, ಇವುಗಳಲ್ಲೊಂದು ಅವರ ಮನಸ್ಸನ್ನು ಒತ್ತುತ್ತಿರುತ್ತದೆ. ದೇವರ ಮುಡಿಯ ಹೂವು ಬಲಗಡೆಗೆ ಬಿದ್ದರೆ ಅಪ್ಪಣೆಯಾಯಿತೆಂದೂ ಎಡಗಡೆಗೆ ಬಿದ್ದರೆ ತಡೆಯಾಯಿತೆಂದೂ ತಿಳಿಯುವ ಪದ್ಧತಿಯು ಈ ಸೀಮೆಯ ದೇವಾಲಯಗಳಲ್ಲಿ ಹಿಂದಿನಿಂದಲೂ ಉಂಟು. ಇದನ್ನು ಮೂಢನಂಬಿಕೆಯೆಂದು ಜರೆಯುವುದು ಸುಲಭ. ಆದರೆ ಆ ಪದ್ಧತಿಯ ಹಿಂದಿರುವ ಹಂಬಲವು ಮೂಢವಲ್ಲ. ಬರಲಿರುವ ಕಷ್ಟವನ್ನು ಬರುವುದಕ್ಕೆ ಮೊದಲೇ ತಿಳಿಯಬೇಕೆಂಬ ಆಸೆಯು ಮನುಷ್ಯಸಹಜವಾದುದು; ವಿಜ್ಞಾನವು ಹುಟ್ಟಿದುದೂ ಅರ್ಧಮಟ್ಟಿಗೆ ಅದರಿಂದಲೇ.

ಅದೇ ಕುಟುಂಬವು ಇಂದು ಇನ್ನೊಂದು ಕಡೆಯಿಂದಲೂ ಸೂಚನೆಯನ್ನು ಪಡೆಯಬಹುದಾಗಿದೆ. ಆ ಸೂಚನೆಯು ಹಿರಿಯರ ರಕ್ತದಲ್ಲಿಯೇ ಇರುತ್ತದೆ. ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ತೆರೆದ ಹೃದಯದ ಮೇಲೆ ಶಸ್ತ್ರವಾಡಿಸುವ ವಿದ್ಯೆಯು 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯನ ಕೈಯಲ್ಲಿ ಮೊದಲು ಫಲಿಸಿತು. ಬೇಸಾಯಗಾರರ ಮನೆಗಳಿಗೆ ಅದು ಬಹುಕಾಲ ಎಟುಕದ ವಸ್ತುವಾಗಿತ್ತು. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯಂತಹ ಸರ್ಕಾರದ ಆಶ್ರಯವುಳ್ಳ ಆಸ್ಪತ್ರೆಗಳೂ, ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯೂ ಅದನ್ನು ಹಳ್ಳಿಯವರ ಕೈಗೆ ಸಮೀಪಕ್ಕೆ ತಂದವು. ಆದುದರಿಂದ ಈ ಶಸ್ತ್ರಕ್ರಿಯೆಯ ಮುಂದುಹಿಂದುಗಳನ್ನು ಕುರಿತ ವಿಚಾರವು ಈಗ ಕಬ್ಬಾಳಿನ ಮನೆಯ ವಿಚಾರವೂ ಹೌದು.

ರಕ್ತವು ಹೇಳುವುದಾದರೂ ಏನು? ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಅದರೊಳಗಿನ ಟ್ರೋಪೋನಿನ್ ಎಂಬ ಪ್ರೋಟೀನು ಸೋರಿ ರಕ್ತಕ್ಕೆ ಸೇರುತ್ತದೆ. ಹೃದಯದ ಗೋಡೆಯು ಒತ್ತಡದಿಂದ ಹಿಗ್ಗಿದಾಗ ಬಿ.ಎನ್.ಪಿ. ಎಂಬ ವಸ್ತುವು ಹೆಚ್ಚುತ್ತದೆ. ಶಸ್ತ್ರಕ್ರಿಯೆಗೆ ಮುಂಚೆಯೇ ಅದು ಅಧಿಕವಾಗಿದ್ದರೆ ಹೃದಯವು ದಣಿದಿದೆಯೆಂದು ತಿಳಿಯಬೇಕು. ಇನ್ನು ಮೂತ್ರಪಿಂಡಗಳು ಕುಂದುವುದು ಈ ಶಸ್ತ್ರಕ್ರಿಯೆಯ ಪ್ರಸಿದ್ಧವಾದ ತೊಡಕು. ಇದಕ್ಕೆ ವೈದ್ಯರು ಬಹುಕಾಲದಿಂದ ನೆಚ್ಚಿಕೊಂಡಿರುವ ಗುರುತು ಕ್ರಿಯಾಟಿನಿನ್. ಅದು ಏರುವಷ್ಟರಲ್ಲಿ ಒಂದರಿಂದ ಮೂರು ದಿನಗಳು ಕಳೆದಿರುತ್ತವೆ. ಕಳ್ಳನು ಊರು ದಾಟಿದ ಮೇಲೆ ಕೂಗುವ ತಳವಾರನಂತೆ ಅದು. ಅಮೆರಿಕದ ಸಿನ್ಸಿನಾಟಿಯ ವೈದ್ಯರು ಹೃದಯದ ಶಸ್ತ್ರಕ್ರಿಯೆಗೊಳಗಾದ 71 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ಅವರಲ್ಲಿ 20 ಮಕ್ಕಳ ಮೂತ್ರಪಿಂಡಗಳಿಗೆ ಹಾನಿಯಾಯಿತು, ಎನ್.ಜಿ.ಎ.ಎಲ್. ಎಂಬ ಇನ್ನೊಂದು ಪ್ರೋಟೀನು ಎರಡು ಗಂಟೆಗಳೊಳಗೇ ಏರಿ ಆ ಹಾನಿಯನ್ನು ಸೂಚಿಸಿತ್ತು. ದಿನಗಳ ಮಾತು ಗಂಟೆಗಳಿಗೆ ಇಳಿಯಿತು.

ಆದರೆ ಗುರುತು ಕಂಡ ಮಾತ್ರಕ್ಕೆ ಅರ್ಥವು ಕಂಡಂತಾಗಲಿಲ್ಲ. ಬೈಪಾಸ್ ಶಸ್ತ್ರಕ್ರಿಯೆಯ ನಂತರ ಟ್ರೋಪೋನಿನ್ ಸಾಮಾನ್ಯ ಮೇಲ್ಮಿತಿಯ ಹತ್ತು ಮಡಿಯನ್ನು ದಾಟುವುದು ಹೃದಯಾಘಾತದ ಲಕ್ಷಣಗಳಲ್ಲೊಂದೆಂದು ತಜ್ಞರು ಒಪ್ಪಿಕೊಂಡಿದ್ದರು. 12 ದೇಶಗಳ 13,862 ರೋಗಿಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಬೈಪಾಸಾದವರಲ್ಲಿಯೂ ಮಹಾಧಮನಿಯ ಕವಾಟವನ್ನು ಬದಲಿಸಿಕೊಂಡವರಲ್ಲಿಯೂ, ಮೊದಲನೆಯ ದಿನದಲ್ಲಿ 30 ದಿನಗಳೊಳಗಿನ ಮರಣದ ಅಪಾಯದೊಡನೆ ಸಂಬಂಧವುಳ್ಳ ಮಿತಿಯು ಸುಮಾರು 218 ಮಡಿಯೆಂದು ಕಂಡಿತು. ಹತ್ತಕ್ಕೂ ಇನ್ನೂರ ಹದಿನೆಂಟಕ್ಕೂ ಇರುವ ಅಂತರವನ್ನು ವಾಚಕರು ಗಮನಿಸಬೇಕು. ರಕ್ತವು ಅಂಕಿಯನ್ನಷ್ಟೇ ಕೊಡುತ್ತದೆ. ಅದನ್ನು ಓದತಕ್ಕವನು ಮನುಷ್ಯನು, ಮತ್ತು ಓದುವುದರಲ್ಲಿ ತಪ್ಪುವುದೂ ತಿದ್ದಿಕೊಳ್ಳುವುದೂ ಅವನ ಪಾಲಿಗೇ ಸೇರಿದೆ.

ಇಲ್ಲಿಂದ ಧರ್ಮದ ಪ್ರಶ್ನೆಯು ಆರಂಭವಾಗುತ್ತದೆ. ಒಬ್ಬನಿಗೆ ತೊಡಕುಂಟಾಗುವ ಸಂಭವವು ಹೆಚ್ಚೆಂದು ಮೊದಲೇ ತಿಳಿದವರು ಆ ತಿಳಿವಿನಿಂದ ಏನು ಮಾಡತಕ್ಕದ್ದು?

ಈ ಸೀಮೆಯವರಿಗೆ ಇದಕ್ಕೊಂದು ಉತ್ತರವು ರೇಷ್ಮೆಯ ಕಸುಬಿನಿಂದಲೇ ಪರಿಚಿತವಾಗಿದೆ. ರೇಷ್ಮೆಹುಳುವಿಗೆ ಬರುವ ಗಂಟುರೋಗವು ತಾಯಿಯಿಂದ ಮೊಟ್ಟೆಗೆ ಇಳಿಯತಕ್ಕದ್ದು. ಫ್ರಾನ್ಸಿನ ಲೂಯಿ ಪಾಸ್ಚರನು 1865ರಿಂದ ಕೆಲವು ವರ್ಷಗಳ ಕಾಲ ಈ ರೋಗವನ್ನು ಶೋಧಿಸಿ ಒಂದು ಉಪಾಯವನ್ನು ನೆಲೆಗೊಳಿಸಿದನು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗದ ಕಣವು ಕಂಡರೆ ಅದರ ಮೊಟ್ಟೆಗಳನ್ನೆಲ್ಲ ನಾಶಮಾಡುವುದು. ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಇದೇ ಕ್ರಮ. ರಾಮನಗರದ ಮಾರುಕಟ್ಟೆಗೆ ಬಂದು ಬೀಳುವ ಗೂಡಿನ ರಾಶಿಯ ಹಿಂದೆ ಹೀಗೆ ತಳ್ಳಿಹಾಕಿದ ಮೊಟ್ಟೆಗಳ ಲೆಕ್ಕವೂ ಇದೆ. ಮುನ್ಸೂಚನೆಯು ಇಲ್ಲಿ ಬೆಳೆಯನ್ನು ಕಾಯುತ್ತದೆ. ಕಾಯುವ ಬಗೆಯು ಮಾತ್ರ ತಿರಸ್ಕಾರ. ಇದರಲ್ಲಿ ಯಾರೂ ದೋಷವನ್ನು ಕಾಣುವುದಿಲ್ಲ, ಕಾಣಬೇಕಾದುದೂ ಇಲ್ಲ.

ಈ ನ್ಯಾಯವನ್ನು ಮನುಷ್ಯನಿಗೂ ಅನ್ವಯಿಸಬಹುದೆ? ಬಾಯಿಬಿಟ್ಟು ಹಾಗೆ ಹೇಳುವವರು ಇರಲಾರರು. ಆದರೆ ಹೇಳದೆ ಮಾಡುವ ಅವಕಾಶವು ಬೇಕಾದಷ್ಟಿದೆ. ನ್ಯೂಯಾರ್ಕ್ ಸಂಸ್ಥಾನದಲ್ಲಿ 1990ರ ಸುಮಾರಿನಿಂದ ಹೃದಯದ ಶಸ್ತ್ರಕ್ರಿಯೆಯ ಮರಣಸಂಖ್ಯೆಗಳನ್ನು ಪ್ರಕಟಿಸತೊಡಗಿದಾಗ, ಅದರಿಂದ ಆಸ್ಪತ್ರೆಗಳು ತಿದ್ದಿಕೊಳ್ಳುವುವೆಂದು ಕೆಲವರೂ, ವೈದ್ಯರು ತಮ್ಮ ಹೆಸರನ್ನು ಕಾಯ್ದುಕೊಳ್ಳಲು ಅಪಾಯ ಹೆಚ್ಚಿರುವ ರೋಗಿಗಳನ್ನು ದೂರವಿಡುವರೆಂದು ಕೆಲವರೂ ವಾದಿಸಿದರು. ಚರ್ಚೆಯು ಇನ್ನೂ ಮುಗಿದಿಲ್ಲ. ಅಪಾಯವನ್ನು ಅಳೆಯುವ ಗುರುತು ಸೂಕ್ಷ್ಮವಾದಷ್ಟೂ ದೂರವಿಡುವ ಕೆಲಸವು ಸುಲಭವಾಗುತ್ತದೆಂಬುದು ನಿರ್ವಿವಾದ.

ಆದರೆ ಹೋಲಿಕೆಯು ಎರಡು ಕಡೆಗಳಲ್ಲಿ ಮುರಿಯುತ್ತದೆ. ಮೊದಲನೆಯದಾಗಿ, ರೈತನಿಗೆ ಬೇಕಾದುದು ಬೆಳೆ. ಒಂದು ಮೊಟ್ಟೆಗೆ ಇನ್ನೊಂದು ಮೊಟ್ಟೆ ಬದಲಾಗಿ ನಿಲ್ಲುತ್ತದೆ. ವೈದ್ಯನ ಮುಂದಿರುವವರಾದರೋ ಯಾರೋ ಒಬ್ಬರ ತಂದೆ. ಅವರ ಸ್ಥಾನದಲ್ಲಿ ಮತ್ತೊಬ್ಬರನ್ನು ನಿಲ್ಲಿಸಿ ಲಾಭನಷ್ಟಗಳನ್ನು ಸರಿತೂಗಿಸಲಾಗದು. ಎರಡನೆಯದಾಗಿ, ರಕ್ತದ ಅಂಕಿಯು ಸಮುದಾಯದಿಂದ ಬಂದುದು. ಇಂತಹ ಅಂಕಿಯುಳ್ಳ ನೂರು ಮಂದಿಯಲ್ಲಿ ಹತ್ತು ಮಂದಿಗೆ ತೊಡಕಾಗುವುದೆಂದು ಲೆಕ್ಕವು ಹೇಳಿದರೆ, ಆ ಹತ್ತು ಮಂದಿ ಯಾರೆಂಬುದನ್ನು ಅದು ಹೇಳಲಿಲ್ಲ. ಉಳಿದ ತೊಂಬತ್ತು ಮಂದಿಯಲ್ಲಿ ಕಬ್ಬಾಳಿನ ಆ ಹಿರಿಯರೂ ಒಬ್ಬರಾಗಿರಬಹುದು. ಸಂಭವವನ್ನು ತೀರ್ಪೆಂದು ಓದುವುದು ಗಣಿತದಲ್ಲಿಯೇ ತಪ್ಪು. ಧರ್ಮದಲ್ಲಿ ತಪ್ಪೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮುನ್ಸೂಚನೆಯ ಸಾರ್ಥಕತೆಯೆಲ್ಲಿ? ಜರ್ಮನಿಯ ವೈದ್ಯರು 2017ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ದಾರಿಯನ್ನು ತೋರಿಸುತ್ತದೆ. ಹೃದಯದ ಶಸ್ತ್ರಕ್ರಿಯೆಯಾದ ಮೇಲೆ ಮೂತ್ರದಲ್ಲಿನ ಎರಡು ಪ್ರೋಟೀನುಗಳಿಂದ ಮೂತ್ರಪಿಂಡಕ್ಕೆ ಅಪಾಯವಿದೆಯೆಂದು ಕಂಡ 276 ರೋಗಿಗಳನ್ನು ಎರಡು ಪಂಗಡವಾಗಿ ಮಾಡಿ, ಒಂದು ಪಂಗಡಕ್ಕೆ ವಿಶೇಷವಾದ ಆರೈಕೆಯನ್ನು ಕೊಟ್ಟರು. ಆ ಆರೈಕೆಯಲ್ಲಿ ಅದ್ಭುತವಾದುದೇನೂ ಇರಲಿಲ್ಲ. ರಕ್ತದ ಒತ್ತಡವನ್ನೂ ದ್ರವದ ಪ್ರಮಾಣವನ್ನೂ ಎಚ್ಚರದಿಂದ ಕಾಯುವುದು, ಸಕ್ಕರೆಯನ್ನು ಏರಗೊಡದಿರುವುದು, ಮೂತ್ರಪಿಂಡಕ್ಕೆ ಹಾನಿಕರವಾದ ಔಷಧಗಳನ್ನು ಬಿಡುವುದು, ಇಂತಹ ಕ್ರಮಗಳೇ ಅವು. ಸಾಮಾನ್ಯ ಆರೈಕೆಯ ಪಂಗಡದಲ್ಲಿ ನೂರಕ್ಕೆ 71.7ರಷ್ಟು ಮಂದಿಗೆ ಹಾನಿಯಾದರೆ, ವಿಶೇಷ ಆರೈಕೆಯ ಪಂಗಡದಲ್ಲಿ ಅದು 55.1ಕ್ಕೆ ಇಳಿಯಿತು. ಮರಣದ ಸಂಖ್ಯೆಯಲ್ಲಿ ಸ್ಪಷ್ಟವಾದ ವ್ಯತ್ಯಾಸವು ಕಾಣಲಿಲ್ಲವೆಂಬುದನ್ನೂ ಮರೆಮಾಚಬಾರದು. ಆದರೂ ಇಲ್ಲಿ ಗುರುತು ಕಂಡವರನ್ನು ಹೊರಕ್ಕೆ ತಳ್ಳಲಿಲ್ಲ. ಅವರ ಬಳಿಗೆ ಹೆಚ್ಚು ಸಲ ಹೋದರು. ಬಿತ್ತನೆ ಕೋಠಿಯಲ್ಲಿ ದೂರಕ್ಕೆ ಕಾರಣವಾದ ಸೂಚನೆಯು ಇಲ್ಲಿ ಸಾಮೀಪ್ಯಕ್ಕೆ ಕಾರಣವಾಯಿತು.

ಇದಕ್ಕೆ ಪ್ರಬಲವಾದ ಆಕ್ಷೇಪಣೆಯೊಂದುಂಟು. ಆಸ್ಪತ್ರೆಯಲ್ಲಿ ಮಂಚಗಳು ಎಣಿಕೆಯವು, ದಾದಿಯರ ಕೈಗಳು ಎಣಿಕೆಯವು. ಇರುವುದೊಂದೇ ಮಂಚ, ಕಾಯುತ್ತಿರುವವರು ಇಬ್ಬರು; ಬದುಕುವ ಸಂಭವ ಹೆಚ್ಚಿರುವವರಿಗೆ ಅದನ್ನು ಕೊಡುವುದು ಅಧರ್ಮವೆ? ಅಲ್ಲ. ಕೊರತೆಯಿರುವಲ್ಲಿ ಹಂಚಿಕೆಯು ಅನಿವಾರ್ಯ, ಮತ್ತು ಕಣ್ಣುಮುಚ್ಚಿ ಹಂಚುವುದಕ್ಕಿಂತ ತಿಳಿದು ಹಂಚುವುದು ಮೇಲು. ಆದರೆ ಹಾಗೆ ಮಾಡುವಾಗ ಅದನ್ನು ಹಂಚಿಕೆಯೆಂದೇ ಹೇಳಬೇಕು. "ಮಂಚವಿಲ್ಲ" ಎನ್ನಬೇಕಾದಲ್ಲಿ "ನಿಮ್ಮ ರಕ್ತವು ಒಪ್ಪುವುದಿಲ್ಲ" ಎಂದರೆ, ರಾಜ್ಯದ ಕೊರತೆಯನ್ನು ರೋಗಿಯ ದೇಹದ ಮೇಲೆ ಹೊರಿಸಿದಂತಾಯಿತು. ಮಂಚವಿಲ್ಲವೆಂದು ಕೇಳಿದ ಕುಟುಂಬವು ಮಂಚಗಳನ್ನು ಹೆಚ್ಚಿಸಿರೆಂದು ಕೇಳಬಲ್ಲುದು. ರಕ್ತವು ಒಪ್ಪಲಿಲ್ಲವೆಂದು ಕೇಳಿದ ಕುಟುಂಬವು ತಲೆತಗ್ಗಿಸಿ ಊರಿಗೆ ಮರಳುತ್ತದೆ.

ಇನ್ನುಳಿದುದು, ತಿಳಿದುದನ್ನು ರೋಗಿಗೆ ಹೇಳಬೇಕೆ ಎಂಬ ಪ್ರಶ್ನೆ. ಮಕ್ಕಳಿಗೆ ಹೇಳಿ ತಂದೆಗೆ ಮರೆಸುವುದು ಅನೇಕ ಮನೆಗಳ ರೂಢಿ, ಮತ್ತು ಅದು ಹುಟ್ಟಿದುದು ಪ್ರೀತಿಯಿಂದಲೇ. ಶಾಸ್ತ್ರದ ಆಧಾರವೂ ಅದಕ್ಕೆ ದೊರೆಯುವಂತೆ ತೋರುತ್ತದೆ. ಚರಕಸಂಹಿತೆಯ ಇಂದ್ರಿಯಸ್ಥಾನದಲ್ಲಿ, ಮರಣಲಕ್ಷಣಗಳನ್ನು ಕಂಡ ವೈದ್ಯನು ಕೇಳದಿದ್ದರೆ ಹೇಳಬಾರದು. ಕೇಳಿದರೂ, ರೋಗಿಗಾಗಲಿ ಇತರರಿಗಾಗಲಿ ಅದರಿಂದ ಆಘಾತವಾಗುವಲ್ಲಿ ಹೇಳಬಾರದೆಂಬ ವಿಧಿಯಿದೆ. ಆದರೆ ಆ ವಿಧಿಯ ವಿಷಯವು ಅರಿಷ್ಟ, ಎಂದರೆ ಪರಿಹಾರವಿಲ್ಲದ ನಿಶ್ಚಿತಮರಣದ ಚಿಹ್ನೆ. ರಕ್ತದ ಈ ಗುರುತುಗಳು ಅರಿಷ್ಟಗಳಲ್ಲ. ಸಂದೇಹವೂ ಪರಿಹಾರವೂ ಎರಡೂ ಇರುವಲ್ಲಿ ಎಚ್ಚರಿಸತಕ್ಕವು. ಆದುದರಿಂದ ಮೌನದ ಆ ವಿಧಿಯು ಇಲ್ಲಿಗೆ ಸಲ್ಲದು. ಅದೇ ಸಂಹಿತೆಯು ರೋಗಿಯನ್ನು ಚಿಕಿತ್ಸೆಯ ನಾಲ್ಕು ಪಾದಗಳಲ್ಲೊಂದೆಂದು ಎಣಿಸಿ, ನಿರ್ಭಯತೆಯನ್ನು ಅವನ ಗುಣಗಳಲ್ಲಿ ಸೇರಿಸಿದೆ. ತಿಳಿಯದವನಿಗೆ ಇರುವುದು ನಿರ್ಭಯತೆಯಲ್ಲ, ಅಜ್ಞಾನ. ಕೇಳಲೊಲ್ಲೆನೆನ್ನುವ ಹಿರಿಯರ ಇಚ್ಛೆಯನ್ನು ಗೌರವಿಸಬೇಕು. ಆದರೆ ಒಲ್ಲೆನೆಂಬ ಮಾತು ಅವರ ಬಾಯಿಂದ ಬರಬೇಕೇ ಹೊರತು ಮಕ್ಕಳ ಬಾಯಿಂದಲ್ಲ.

ಹೇಳುವ ರೀತಿಯಲ್ಲಿಯೂ ಧರ್ಮವಿದೆ. ಕಬ್ಬಾಳದುರ್ಗವು ಹೈದರನ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಮನೆಯಾಗಿತ್ತು. ಅಂಕಿಯನ್ನು ಮಾತ್ರ ಹೇಳಿ ಎದ್ದುಹೋಗುವ ವೈದ್ಯನು ರೋಗಿಯನ್ನು ಅಂತಹದೇ ಒಂದು ಬೆಟ್ಟಕ್ಕೆ ಏರಿಸಿ ಬಂದಂತೆ. ಅಲ್ಲಿ ಅವನು ತನ್ನ ಭಯದೊಡನೆ ಒಂಟಿ. ಅಪಾಯವು ಇಂತಹದು, ಅದಕ್ಕೆ ಮಾಡಲಿರುವ ಆರೈಕೆಯು ಇಂತಹದು, ಅದನ್ನು ಮಾಡತಕ್ಕವರು ಇವರು ಎಂದು ಮೂರನ್ನೂ ಕೂಡಿಸಿ ಹೇಳಿದರೆ ಅದೇ ಅಂಕಿಯು ಹೊರಬಹುದಾದಷ್ಟು ಹಗುರಾಗುತ್ತದೆ.

ದೇವಿಯ ಮುಡಿಯಿಂದ ಬಲಗಡೆಯ ಹೂವು ಬಿದ್ದ ಮಾತ್ರಕ್ಕೆ ಬಾವಿಯು ತಾನಾಗಿ ತೋಡಿಕೊಳ್ಳುವುದಿಲ್ಲ. ಗುದ್ದಲಿಯನ್ನು ಹಿಡಿಯಬೇಕಾದವನು ಕೇಳಿಹೋದವನೇ. ಎಡಗಡೆಯ ಹೂವು ಬಿದ್ದಿತೆಂದು ಕಾಯಿಲೆಯ ತಂದೆಯನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದ ಮಕ್ಕಳೂ ಇಲ್ಲ. ಅವರು ಇನ್ನಷ್ಟು ಎಚ್ಚರದಿಂದ ಆತನ ಕೈಹಿಡಿದು ಮೆಟ್ಟಿಲನ್ನಿಳಿಸುತ್ತಾರೆ. ರಕ್ತದ ಗುರುತನ್ನು ಓದುವವರಿಂದಲೂ ಅಷ್ಟನ್ನು ನಿರೀಕ್ಷಿಸುವುದು ಹೆಚ್ಚಿನ ಮಾತಲ್ಲ. ಮುಂದಾಗಿ ತಿಳಿದವನು ಮುಂದಾಗಿ ಸಾಲಗಾರನಾದನು. ಆ ಸಾಲವು ಯಾರ ರಕ್ತದಿಂದ ತಿಳಿಯಿತೋ ಅವರಿಗೇ ಸಲ್ಲತಕ್ಕದ್ದು.