ತಲೆ ಬಾಗಿಸದ ದಾನ
ಪಡೆದವನ ತಲೆ ಬಾಗದಂತೆ ಕೊಡಲು ಸಾಧ್ಯವೇ? ಮೇಷ್ಟ್ರಾಗಿದ್ದಾಗ ಬಡ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದೆ. ಸಹಿ ಹಾಕುವಾಗ ಅವರ ಕಣ್ಣು ನೆಲದ ಮೇಲಿರುತ್ತಿತ್ತು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅದಕ್ಕೊಂದು ಉತ್ತರ ಅಮೆರಿಕದಲ್ಲಿದೆ. ಅಲ್ಲಿನ ಕೆಂಟಕಿ ರಾಜ್ಯದ ಅಪಲೇಚಿಯನ್ ಬೆಟ್ಟಗಳ ಅಂಚಿನ ಬೆರಿಯಾ ಕಾಲೇಜು 1892ರಿಂದ ಬೋಧನಾ ಶುಲ್ಕ ಕೇಳಿಲ್ಲ. ದಾನಿಗಳ ಕೊಡುಗೆ, ದತ್ತಿನಿಧಿಯ ಆದಾಯವೇ ಅದರ ಮುಖ್ಯ ಆಸರೆ. ಆದರೆ ಅಲ್ಲಿ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ದುಡಿಯಲೇಬೇಕು: ಪೊರಕೆ ಕಟ್ಟುವುದು, ಮಗ್ಗದಲ್ಲಿ ನೇಯುವುದು, ಹೊಲದ ಕೆಲಸ. ನುರಿತವರು ಹೊಸಬರಿಗೆ ಕಲಿಸುತ್ತಾರೆ. ನಾಯಕತ್ವವೂ ಹುಟ್ಟುವುದು ಹೀಗೆ ಕಲಿಸುವಲ್ಲೇ ಎಂದು ನಂಬುತ್ತೇನೆ, ಭಾಷಣದ ವೇದಿಕೆಯಲ್ಲಲ್ಲ.

ಗುಲಾಮಗಿರಿಯ ವಿರುದ್ಧ ನಿಂತ ಪಾದ್ರಿ ಜಾನ್ ಫೀ 1855ರಲ್ಲಿ ಈ ಕಾಲೇಜನ್ನು ಕಟ್ಟಿದರು. ಮುಂದೆ ಕರಿಯರೂ ಬಿಳಿಯರೂ ಒಟ್ಟಿಗೆ ಕಲಿತರು. 1904ರ ರಾಜ್ಯ ಕಾನೂನು ಅವರನ್ನು ಬೇರ್ಪಡಿಸಿತು; ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋರಾಡಿ 1908ರಲ್ಲಿ ಸೋತಿತು. ಕರಿಯರ ಚರಿತ್ರೆ ಬರೆದ ಕಾರ್ಟರ್ ವುಡ್ಸನ್ 1903ರಲ್ಲೇ ಇಲ್ಲಿ ಪದವಿ ಪಡೆದಿದ್ದರು.